ಹಳೆ ಕಾರು, ಹಳೆ ಜೀಪು: ಶೆಡ್ಡಿಗೆ ಬಂದವರೆಲ್ಲ ಕೇಳುವ ಪ್ರಶ್ನೆಗಳು

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. ರಸ್ತೆಯಿಂದ ಒಳಗೆ ಬಂದರೆ ಮೊದಲು ಸಿಗುವುದು ಶೆಡ್ಡು, ಆಮೇಲೆ ಮನೆ. ಹಾಗಾಗಿ ಕಾಫಿ ವ್ಯಾಪಾರಿಯೇ ಬರಲಿ, ಮದುವೆ ಕಾಗದ ಕೊಡಲು ನೆಂಟರೇ ಬರಲಿ, ಬಂದ ಕೆಲಸಕ್ಕೆ ಮುಂಚೆ ಗಾಡಿಗಳ ಮಾತು ಶುರುವಾಗುತ್ತದೆ. ನಲವತ್ತು ವರ್ಷದಿಂದ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಈಚೆಗೆ ಹುಡುಗರು ಫೋನಿನಲ್ಲೂ ಕೇಳುತ್ತಾರೆ. ಬರೆದಿಟ್ಟರೆ ಗಂಟಲಾದರೂ ಉಳಿಯುತ್ತದೆ ಅಂತ ಕೂತೆ. ನಾನು ಮೆಕ್ಯಾನಿಕ್ ಅಲ್ಲ, ತೋಟದವನು. ಇಲ್ಲಿರುವುದೆಲ್ಲ ಕೈ ಸುಟ್ಟುಕೊಂಡು ಕಲಿತದ್ದು.

ಎಷ್ಟು ಗಾಡಿ ಇಟ್ಟಿದ್ದೀರಿ? ಈ ಹುಚ್ಚು ಯಾವಾಗ ಹಿಡಿಯಿತು?

ಮೂರು. ಅಪ್ಪನ ಕಾಲದ ಸಿಜೆ-3ಬಿ ಪೆಟ್ರೋಲ್ ಜೀಪು, 1964ರ ಅಂಬಾಸಿಡರ್ ಮಾರ್ಕ್ 2, 1982ರ ಪ್ರೀಮಿಯರ್ ಪದ್ಮಿನಿ. ನಾಲ್ಕನೆಯದಾಗಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಮಗಳ ಕಾಲೇಜು ಫೀಸಿನ ವರ್ಷ ಮಾರಿದೆ.

ಹುಚ್ಚು ಹಿಡಿಸಿದ್ದು ಜೀಪು. ಮಳೆಗಾಲದಲ್ಲಿ ಬ್ಯಾಟರಿ ಕೈಕೊಟ್ಟಾಗ ಮುಂದಿನ ಬಂಪರಿನ ತೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಬೇಕಿತ್ತು. ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪ ಆ ಕೆಲಸವನ್ನು ನನಗೆ ಬಿಟ್ಟರು. ಬಿಡುವ ಮುಂಚೆ ನನ್ನ ಹೆಬ್ಬೆರಳು ಹಿಡಿದು, ಉಳಿದ ನಾಲ್ಕು ಬೆರಳಿನ ಪಕ್ಕಕ್ಕೇ ತಂದಿಟ್ಟು, "ಇದನ್ನು ಹಿಡಿಯ ಆಚೆ ಕಡೆ ಸುತ್ತಿದೆಯೋ, ಇಂಜಿನ್ ತಿರುಗಿ ಒದ್ದಾಗ ಮುರಿಯುತ್ತೆ. ಕೆಳಗಿಂದ ಮೇಲಕ್ಕೆ ಎಳಿ, ಮೇಲಿಂದ ಕೆಳಕ್ಕೆ ಒತ್ತಬೇಡ" ಎಂದರು. ಈಗಲೂ ಮನೆಯ ಮಕ್ಕಳಿಗೆ ಅದನ್ನೇ ಮೊದಲು ಹೇಳಿಕೊಡುವುದು.

ವಿಂಟೇಜ್ ಅಂದರೆ ಯಾವುದು?

ಸಂಗ್ರಹಕಾರರ ಲೆಕ್ಕದಲ್ಲಿ ವಿಂಟೇಜ್ ಎಂದರೆ 1919ರಿಂದ 1930ರ ನಡುವೆ ತಯಾರಾದದ್ದು. ನಮ್ಮ ದೇಶದ ಕಾನೂನಿನ ಲೆಕ್ಕದಲ್ಲಿ 50 ವರ್ಷ ದಾಟಿದ್ದು. ಮಾರುವವರ ಲೆಕ್ಕದಲ್ಲಿ, ಗೇಟಿನ ಹತ್ತಿರ ಹುಲ್ಲು ಬೆಳೆದು ನಿಂತದ್ದೆಲ್ಲ ವಿಂಟೇಜ್. ಆ ಪದ ಕೇಳಿದ ಕೂಡಲೇ ಬೆಲೆ ಜಾಸ್ತಿ ಕೊಡಬೇಡಿ.

ಕೊಡಗಿನಲ್ಲಿ ಇಟ್ಟುಕೊಳ್ಳಲು ಮೊದಲ ಗಾಡಿ ಯಾವುದು ಒಳ್ಳೆಯದು?

ಜೀಪು. ಅಭಿಮಾನಕ್ಕೆ ಹೇಳುತ್ತಿಲ್ಲ. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರುಮಾಡಿದ ಮೇಲೆ ಬಂದ ಮಾದರಿಗಳೆಲ್ಲ ಅಣ್ಣತಮ್ಮಂದಿರ ಹಾಗೆ. ಒಂದರ ಸಾಮಾನು ಇನ್ನೊಂದಕ್ಕೆ ಬಹಳಷ್ಟು ಕಡೆ ಕೂರುತ್ತದೆ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳು ಓಡುತ್ತಿರುವವರೆಗೆ ಮಡಿಕೇರಿಯಲ್ಲಿ ಜೀಪಿನ ಕೈ ಇರುವ ಮೇಸ್ತ್ರಿಗೂ ಬರವಿಲ್ಲ. ನಮ್ಮ 3ಬಿಯ ಬಾನೆಟ್ಟು ಎತ್ತರ, ನೋಡಲು ಸ್ವಲ್ಪ ಗೂನು ಬೆನ್ನಿನವನ ಹಾಗೆ ಕಾಣುತ್ತದೆ. ಕಾರಣ ಒಳಗಿರುವ 2199 ಸಿಸಿಯ ಹರಿಕೇನ್ ಇಂಜಿನ್: ಇನ್‌ಲೆಟ್ ವಾಲ್ವ್ ಮೇಲಿನ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗಿನ ಬ್ಲಾಕಿನಲ್ಲಿ. ಹಳೆ ಇಂಜಿನ್‌ಗಿಂತ ಇದು ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತಬೇಕಾಯಿತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ಹೊಸ ಕಾರುಗಳು ಕೆಸರಿನ ಈಚೆ ದಡದಲ್ಲೇ ನಿಂತವು. ನೆಂಟರ ಮನೆಯ ಅಜ್ಜಿಯನ್ನೂ ಎರಡು ಟ್ರಂಕುಗಳನ್ನೂ ಈಚೆ ತಂದದ್ದು ಈ ಗೂನು ಬೆನ್ನಿನವನೇ, ಫೋರ್ ವೀಲ್ ಲೋ ಗೇರಿನಲ್ಲಿ.

ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬೇಕು ಅನ್ನುವವರು ಅಂಬಾಸಿಡರ್ ತಗೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚು ಅದು. ಬಂಗಾಳದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ನಮ್ಮ ರಸ್ತೆಯ ಗುಂಡಿಗೆ ಅದರಷ್ಟು ಹೊಂದಿಕೊಂಡ ಸೀಟು ಇನ್ನೊಂದಿಲ್ಲ. ಪದ್ಮಿನಿ ಹಗುರ. 1089 ಸಿಸಿ ಇಂಜಿನ್ ಚುರುಕು, ಆದರೆ ತಗಡು ತೆಳು, ತುಕ್ಕು ಬೇಗ. ಸ್ಟೇರಿಂಗ್ ಪಕ್ಕದ ಗೇರಿಗೆ ಕೈ ಪಳಗಬೇಕು.

ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾದ ಗಾಡಿ. ಇಡೀ ಮುಂಭಾಗ ಬಾನೆಟ್ಟಿನ ಜೊತೆಗೇ ಮುಂದಕ್ಕೆ ಮಗುಚಿ ಇಂಜಿನ್ನಿನ ಸುತ್ತ ನೆಲದ ಮೇಲೆ ನಿಂತು ಕೆಲಸ ಮಾಡಬಹುದು. ಮುಂದಿನ ಚಕ್ರ ಎಷ್ಟು ತಿರುಗುತ್ತದೆಂದರೆ ನಮ್ಮ ಕಾಫಿ ಕಣದಲ್ಲೇ ರಿವರ್ಸ್ ಹಾಕದೆ ಒಂದು ಸುತ್ತು ಹೊಡೆಯುತ್ತಿತ್ತು. ಅದನ್ನು ಮಾರಬಾರದಿತ್ತು.

ಕೊಳ್ಳುವಾಗ ಮೊದಲು ಏನು ನೋಡಬೇಕು?

ಕಾಗದ. ಆರ್‌ಸಿ ಬುಕ್ಕಿನಲ್ಲಿರುವ ಛಾಸಿ (ಗಾಡಿಯ ಅಡಿ ಚೌಕಟ್ಟು) ನಂಬರು, ಇಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ಗ್ರೀಸು ಕೆರೆದು, ಚಾಕ್‌ಪೀಸ್ ಉಜ್ಜಿ ಓದಿ. "ಸಾರ್, ನಂಬರ್ ಸವೆದುಹೋಗಿದೆ, ಏನೂ ತೊಂದರೆ ಇಲ್ಲ" ಎಂದರೆ ಕಾಫಿ ಕುಡಿದು ಎದ್ದು ಬನ್ನಿ. ಜೀಪಿನಲ್ಲಂತೂ ಎಚ್ಚರ. ಹಳೇ ಕಾಗದದ ಮೇಲೆ ಹೊಸ ಛಾಸಿ, ಹೊಸ ಬಾಡಿ ಕೂರಿಸಿ ಮಾರುವ ವ್ಯಾಪಾರ ದೇಶದಲ್ಲೆಲ್ಲ ಇದೆ. ನೋಡಲು ಫಳಫಳ ಹೊಳೆಯುತ್ತದೆ, ಕಾನೂನಿನ ಕಣ್ಣಿಗೆ ಅದು ಗಾಡಿಯೇ ಅಲ್ಲ.

ಆಮೇಲೆ ತುಕ್ಕು. ಕಿಸೆಯಲ್ಲಿ ಒಂದು ಅಯಸ್ಕಾಂತ ಇಟ್ಟುಕೊಂಡು ಹೋಗಿ. ಬಾಗಿಲ ಕೆಳ ಅಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ನೆಲ, ಇಲ್ಲೆಲ್ಲ ಇಟ್ಟು ನೋಡಿ. ಅಂಟದ ಕಡೆ ತಗಡಿಲ್ಲ, ಪಟ್ಟಿ (ತೂತು ಮುಚ್ಚುವ ಪೇಸ್ಟು) ತುಂಬಿದ್ದಾರೆ. ಒಂದು ಪದ್ಮಿನಿಯಲ್ಲಿ ಪಟ್ಟಿಯ ಹಿಂದೆ ತೆಂಗಿನ ನಾರು ಸಿಕ್ಕಿತ್ತು.

ಇನ್ನೊಂದು ವಿಷಯ ಬೇರೆ ಊರಿನವರು ಹೇಳುವುದಿಲ್ಲ, ಯಾಕೆಂದರೆ ಅವರಲ್ಲಿ ಕಾಫಿ ತೋಟವಿಲ್ಲ. ತೋಟದಲ್ಲಿ ದುಡಿದ ಜೀಪಿನ ಹಿಂದಿನ ನೆಲವನ್ನು ಬಗ್ಗಿ ನೋಡಿ. ಕಾಫಿಯ ಎಲೆ ತುಕ್ಕು ರೋಗಕ್ಕೆ ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದಕ್ಕೆ ಬೇಕಾದ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲಗಳನ್ನು ತರುವುದು ಇದೇ ಜೀಪಿನಲ್ಲಿ. ಚೀಲ ಸೋರಿ ನೀಲಿ ಪುಡಿ ನೆಲದ ಸಂದಿಗೆ ಸೇರುತ್ತದೆ. ಒದ್ದೆ ತಗುಲಿದ ಕೂಡಲೇ ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ನಮ್ಮ ಜೀಪಿನ ನೆಲದ ಮ್ಯಾಟು ಕಿತ್ತ ದಿನ ನೋಡಿದೆ: ತಗಡಿನ ಮೇಲೆ ಅಂಗೈಯಗಲ ತಾಮ್ರದ ಬಣ್ಣ, ಅದರ ಸುತ್ತ ಹಸಿರು ಪುಡಿ. ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದೆ, ಕೆಳಗಿನ ನೆಲ ಕಂಡಿತು. ಗಿಡದ ತುಕ್ಕಿಗೆ ತಂದ ಔಷಧಿ ಗಾಡಿಗೆ ತುಕ್ಕು ಹಿಡಿಸಿತ್ತು. ಗೊಬ್ಬರದ ಚೀಲವೂ ಇದಕ್ಕೆ ಕಡಿಮೆಯಿಲ್ಲ. ನೆಲ ಹೋದರೆ ಹೊಸ ತಗಡು ಹಾಕಬಹುದು. ಛಾಸಿಯ ಒಳಗೆ ಹೋಗಿದ್ದರೆ ಬಿಟ್ಟುಬಿಡಿ.

ಇಂಜಿನ್ ಕೊನೆಗೆ ನೋಡಿದರೆ ಸಾಕು. ಇಂಜಿನ್ ಜಾಮ್ ಆಗಿದೆ ಎಂದು ಜನ ಹೆದರುತ್ತಾರೆ. ಲೇತಿನವನಿಗೆ ಕೊಟ್ಟರೆ ಸಿಲಿಂಡರ್ ಕೊರೆದು (ಬೋರ್ ಮಾಡಿ) ಸ್ವಲ್ಪ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಿಕೊಡುತ್ತಾನೆ. ಬಾಡಿಯ ತಗಡಿಗೆ ಹಾಗೆ ಓವರ್‌ಸೈಜ್ ಸಿಗುವುದಿಲ್ಲ.

ಅಜ್ಜನ ಹೆಸರಿನಲ್ಲಿರುವ ಕಾರು ಐನ್‌ಮನೆಯ (ಕುಟುಂಬದ ಮೂಲಮನೆ) ಹಿಂದೆ ನಿಂತಿದೆ. ನನ್ನ ಹೆಸರಿಗೆ ಆಗುತ್ತದಾ?

ಆಗುತ್ತದೆ. ಯಜಮಾನರು ತೀರಿಕೊಂಡಿದ್ದರೆ ಫಾರಂ 31, ಮರಣ ಪತ್ರ, ವಾರಸುದಾರರ ಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಆರ್‌ಸಿ ಕಳೆದಿದ್ದರೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿಗೆ ಅರ್ಜಿ. ಬೇರೆ ಜಿಲ್ಲೆಯಲ್ಲಿ ನೋಂದಣಿಯಾಗಿದ್ದರೆ ಅಲ್ಲಿನ ಹಳೇ ದಾಖಲೆ ಹುಡುಕಿಸುವುದೇ ದೊಡ್ಡ ಕೆಲಸ. ಒಂದು ಕಚೇರಿಗೆ ನಾನು ಏಳು ಸಲ ಅಲೆದೆ. ಎಂಟನೇ ಸಲ ಲೆಡ್ಜರು ಬೇರೆ ಕಪಾಟಿನಲ್ಲಿ ಸಿಕ್ಕಿತು. ಕಾಗದಕ್ಕಿಂತ ಕಷ್ಟ ಐನ್‌ಮನೆಯ ಎಲ್ಲರ ಸಹಿ. ಇಷ್ಟು ವರ್ಷ ಕಾರಿನ ಕಡೆ ತಿರುಗಿಯೂ ನೋಡದ ಚಿಕ್ಕಪ್ಪನಿಗೆ ಅದೇ ದಿನ ಅದರ ಮೇಲೆ ಪ್ರೀತಿ ಹುಟ್ಟುತ್ತದೆ. ಪುತ್ತರಿ ಹಬ್ಬಕ್ಕೆ ಎಲ್ಲರೂ ಸೇರಿದಾಗ ಸಹಿ ಹಾಕಿಸಿಕೊಳ್ಳಿ.

15 ವರ್ಷ ಆದರೆ ಗುಜರಿಗೆ ಹಾಕಲೇಬೇಕಂತೆ?

ದೆಹಲಿಯ ನಿಯಮವನ್ನು ಇಲ್ಲಿಗೆ ತಂದು ಹೆದರಬೇಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಫಾರಂ 25 ಕೊಟ್ಟು ಗಾಡಿಯನ್ನು ಆರ್‌ಟಿಒಗೆ ಒಯ್ದು ತೋರಿಸಿದರೆ 5 ವರ್ಷಕ್ಕೆ ನವೀಕರಣ. ಹೀಗೆ ಎಷ್ಟು ಸಲ ಬೇಕಾದರೂ. ನಮ್ಮೂರಲ್ಲಿ ಇದಕ್ಕೆ 'ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸೋದು' ಅಂತಲೇ ಹೆಸರು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹಸಿರು ತೆರಿಗೆ ಬೇರೆ. ಗಾಡಿ ಸಾಕುವವನಿಗೆ ಇದು ಹೊರೆಯೇ, ಅದರಲ್ಲಿ ಮುಚ್ಚುಮರೆ ಇಲ್ಲ.

ವಿಂಟೇಜ್ ನಂಬರ್ ಮಾಡಿಸಿದರೆ ಒಳ್ಳೆಯದಲ್ಲವಾ?

2021ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ಗಾಡಿಗೆ ರಾಜ್ಯದ ಅಕ್ಷರದ ಪಕ್ಕ 'ವಿಎ' ಎಂಬ ಗುರುತಿನ ನಂಬರು. ಹೊಸದಾಗಿ ಮಾಡಿಸಲು 20,000 ರೂಪಾಯಿ, ಮರು ನೋಂದಣಿಗೆ 5,000, ಅವಧಿ 10 ವರ್ಷ. ಮೊದಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು.

ನನ್ನ ಅಂಬಾಸಿಡರ್‌ಗೆ ವಯಸ್ಸಾಗಿದೆ, ಆದರೂ ಮಾಡಿಸಿಲ್ಲ. ಆ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಹಾಕಿಸುವುದು, ಇಷ್ಟಕ್ಕೆ ಮಾತ್ರ. ಕುಶಾಲನಗರದ ಸಂತೆಗೆ ಹೋಗಿ ಕೋಳಿ ತರಲು ಆಗದ ಕಾರು ಇಟ್ಟುಕೊಂಡು ಏನು ಮಾಡಲಿ? ಕಾರನ್ನು ಪ್ರದರ್ಶನಕ್ಕೇ ಇಡುವವರಿಗೆ ಅದು ಅನುಕೂಲ.

ಸಿಆರ್‌ಜಿ ಅಂತ ನಂಬರ್ ಪ್ಲೇಟ್ ನೋಡಿದೆ, ಅದು ಯಾವ ಊರಿನದು?

ನಮ್ಮದೇ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದಲ್ಲಿ ಸೇರುವವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತಲ್ಲ, ಆ ಕಾಲದ ಗುರುತು. ಈಗಿನದು ಕೆಎ-12. ಅಂಥ ಪ್ಲೇಟಿನ ಗಾಡಿ ಮನೆಯಲ್ಲಿದ್ದರೆ ದಯವಿಟ್ಟು ಪ್ಲೇಟನ್ನು ಗುಜರಿಗೆ ಹಾಕಬೇಡಿ. ಅಂದಹಾಗೆ, ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯವಾಗಿದೆ. ಅದಕ್ಕೆ ಮುಂಚೆ ಆರ್‌ಟಿಒ ಕಚೇರಿ ಇದ್ದದ್ದು ಅದೇ ಮನೆಯಲ್ಲಿ. ನನ್ನ ಜೀಪಿನ ಕಾಗದಕ್ಕೆ ಠಸ್ಸೆ ಬಿದ್ದದ್ದೂ ಅಲ್ಲೇ.

ಮಳೆಗಾಲದಲ್ಲಿ ಹೇಗೆ ಕಾಪಾಡುತ್ತೀರಿ?

ಕೊಡಗಿನಲ್ಲಿ ಹಳೆ ಗಾಡಿ ಸಾಕುವುದು ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಕುವುದು. ಉಳಿದ ಎಂಟು ತಿಂಗಳು ಯಾರು ಬೇಕಾದರೂ ಸಾಕುತ್ತಾರೆ.

ಹೊಸಬರು ಮಾಡುವ ಮೊದಲ ತಪ್ಪು ಟಾರ್ಪಾಲು. ಗಾಡಿಗೆ ಬಿಗಿಯಾಗಿ ಪ್ಲಾಸ್ಟಿಕ್ ಹೊದಿಸಿದರೆ ನೆಲದ ತೇವ ಮೇಲೆದ್ದು ಒಳಗೇ ಬೆವರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹತ್ತು ದಿನ ಹಾಗೆ ಬಿಟ್ಟರೆ ಸೀಟಿನ ಮೇಲೆ ಬಿಳಿ ಬೂಷ್ಟು, ಸ್ಟೇರಿಂಗಿನ ಮೇಲೆ ಹಸಿರು ಬೂಷ್ಟು. ಮೇಲೆ ಗಟ್ಟಿ ಮಾಡು, ಕೆಳಗೆ ಸಿಮೆಂಟಿನ ನೆಲ, ಎರಡು ಕಡೆ ಗಾಳಿಯಾಡುವಷ್ಟು ತೆರಪು ಇರಲಿ. ಗಾಜನ್ನು ಒಂದು ಬೆರಳಷ್ಟು ಇಳಿಸಿಡಿ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಬೇಡಿ, ಬ್ರೇಕಿನ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಮರದ ಕುಟ್ಟಿ ಕೊಟ್ಟು ನಿಲ್ಲಿಸಿ. ಬಾಗಿಲಿನ ಕೆಳಗೆ ನೀರು ಹೋಗುವ ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಕೊಂಡರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮೇ ತಿಂಗಳಲ್ಲಿ ಒಂದು ತಂತಿ ಹಿಡಿದು ಎಲ್ಲ ತೂತು ಬಿಡಿಸಿ. ಇಲಿಗೆ ನುಸಿಗುಳಿಗೆ ಇಡುತ್ತೇನೆ. ಹೆದರುವ ಇಲಿಯೂ ಇದೆ, ಹೆದರದ್ದೂ ಇದೆ. ಅಂಬಾಸಿಡರಿನ ವೈರಿಂಗನ್ನು ಎರಡು ಸಲ ತಿಂದು ಮುಗಿಸಿವೆ.

ಎರಡನೇ ತಪ್ಪು, ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವುದು. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗದಿದ್ದರೆ ಆ ನೀರು ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆಯಂಥ ನೊರೆ ಕಂಡರೆ ಇದೇ ಕಾರಣ ಇರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಬೆಚ್ಚಿಬೀಳುವ ಮುಂಚೆ ಒಮ್ಮೆ ದೂರ ಓಡಿಸಿ ನೋಡಿ. ನಾನು ವಾರಕ್ಕೊಮ್ಮೆ, ಮಳೆ ಸ್ವಲ್ಪ ಬಿಟ್ಟ ಹೊತ್ತಿಗೆ, ಒಂದೊಂದು ಗಾಡಿಯನ್ನು ಮಾದಾಪುರದವರೆಗೆ ಓಡಿಸಿ ತರುತ್ತೇನೆ. ಜೀಪಿನಲ್ಲಿ ಹೋದ ದಿನ ಇಳಿಯುವ ಮುಂಚೆ ಕ್ಲಚ್ ಪೆಡಲಿನ ಹತ್ತಿರ ಜಿಗಣೆ ಇದೆಯಾ ನೋಡಬೇಕು.

ಈಗಿನ ಎಥೆನಾಲ್ ಪೆಟ್ರೋಲ್ ಹಳೆ ಇಂಜಿನ್ನಿಗೆ ಆಗುತ್ತದಾ?

ಓಡುತ್ತದೆ, ಆದರೆ ರಬ್ಬರ್ ತಿನ್ನುತ್ತದೆ. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲಿಗೆ ಅಂದಿನ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್, ಕಾರ್ಬೊರೇಟರಿನ ವಾಷರುಗಳನ್ನು ಮಾಡಿರಲಿಲ್ಲ. ಅವು ಮೆತ್ತಗಾಗಿ ಬಿರುಕು ಬಿಡುತ್ತವೆ. ಸೋರಿದ ಪೆಟ್ರೋಲ್ ಬಿಸಿ ಎಕ್ಸಾಸ್ಟಿನ ಮೇಲೆ ಬಿದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಎಥೆನಾಲ್ ತಾಳುವ ಹೊಸ ಪೈಪು ಹಾಕಿಸಿ, ಆರು ತಿಂಗಳಿಗೊಮ್ಮೆ ಕೈಯಿಂದ ಹಿಸುಕಿ ನೋಡಿ. ಎಥೆನಾಲ್ ನೀರನ್ನೂ ಹೀರುತ್ತದೆ. ನಮ್ಮ ಹವೆಯಲ್ಲಿ ಮೂರು ತಿಂಗಳು ನಿಂತ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ಕೂರಬಹುದು. ಮಳೆಗಾಲಕ್ಕೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕ್ ಬರಿದು ಮಾಡಿಬಿಡಿ.

ಸೀಸದ ವಿಷಯವನ್ನೂ ಕೇಳುತ್ತಾರೆ. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೇ ವಾಲ್ವ್ ಸೀಟುಗಳಿಗೆ ಆ ಸೀಸವೇ ಮೆತ್ತೆಯಾಗಿತ್ತು. ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಸೀಟು ಹಾಕಿಸಿಬಿಟ್ಟರೆ ಆ ಚಿಂತೆ ಮುಗಿಯಿತು.

ಏರು ಹತ್ತುವಾಗ ಕೆಮ್ಮಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಏನಿದು?

ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗಿದೆ. ಪಂಪು ಆವಿಯನ್ನು ಎಳೆಯಲಾರದು. ಏಪ್ರಿಲ್ ಒಂದರಲ್ಲಿ ಕುಶಾಲನಗರದಿಂದ ಬರುವಾಗ ಆನೆಕಾಡಿನ ನಡುವೆ ಅಂಬಾಸಿಡರ್ ಹೀಗೆ ನಿಂತಿತು. ಸಂಜೆ ಆರು ಗಂಟೆ. ರಸ್ತೆಯ ಪಕ್ಕ ಹಸಿ ಲದ್ದಿ. ಹೆಂಡತಿ ಗಾಜು ಇಳಿಸಿ, "ರೀ, ಎಷ್ಟೊತ್ತು?" ಎಂದಳು. "ಹತ್ತು ನಿಮಿಷ" ಎಂದೆ. "ಅದಕ್ಕೂ ಹತ್ತು ನಿಮಿಷ ಅಂತ ಗೊತ್ತಿರಬೇಕಲ್ಲ" ಎಂದು ಕಾಡಿನ ಕಡೆ ನೋಡಿದಳು. ಕುಡಿಯುವ ನೀರಿನಲ್ಲಿ ಟವಲು ಅದ್ದಿ ಪಂಪಿಗೂ ಪೈಪಿಗೂ ಸುತ್ತಿ, ಬಾನೆಟ್ಟು ಎತ್ತಿ ಕಾದೆ. ಪಂಪಿನ ಕೆಳಗಿನ ಸಣ್ಣ ಲಿವರನ್ನು ಕೈಯಿಂದ ಒತ್ತಿದಾಗ ಪೆಟ್ರೋಲ್ ಬಂದ ಬಿಗಿ ಬೆರಳಿಗೆ ಗೊತ್ತಾಯಿತು. ಎರಡನೇ ಸಲ ಸೆಲ್ಫ್ ಹೊಡೆದಾಗ ಹೊರಟಿತು. ಮಾರನೇ ದಿನವೇ ಪೈಪನ್ನು ಎಕ್ಸಾಸ್ಟಿನಿಂದ ದೂರಕ್ಕೆ ಸರಿಸಿ, ನಡುವೆ ಒಂದು ತಗಡಿನ ಮರೆ ಕಟ್ಟಿಸಿದೆ. ಆಮೇಲೆ ನಿಂತಿಲ್ಲ. ಟವಲು ಮಾತ್ರ ಡಿಕ್ಕಿಯಲ್ಲೇ ಇದೆ.

ಬ್ರೇಕ್ ನಂಬಬಹುದಾ?

ನಾಲ್ಕೂ ಡ್ರಮ್ಮು, ಬೂಸ್ಟರ್ ಇಲ್ಲ, ಇಡೀ ಗಾಡಿಗೆ ಒಂದೇ ಮಾಸ್ಟರ್ ಸಿಲಿಂಡರ್. ಒಂದು ಚಕ್ರದ ಪೈಪು ಒಡೆದರೆ ನಾಲ್ಕೂ ಹೋಯಿತು. ಸಂಪಾಜೆ ಘಾಟಿ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ, ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಬರಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವ ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ. ಬೇರೆ ಕಡೆ ಎರಡು ವರ್ಷಕ್ಕೆ ಬದಲಾಯಿಸುತ್ತಾರೆ, ನಾನು ಪ್ರತಿ ವರ್ಷ ಬದಲಾಯಿಸುತ್ತೇನೆ. ಇಲ್ಲಿ ಮಾತ್ರ ದುಡ್ಡಿನ ಮುಖ ನೋಡಬೇಡಿ.

ಬಿಡಿಭಾಗ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಜೆಸಿ ರಸ್ತೆ, ಚೆನ್ನೈನ ಪುದುಪೇಟೆ. ಹಳೇ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಾಯಲ್ಲಿ ಹೇಳಿದರೆ ಬೇರೆಯದು ಬರುತ್ತದೆ. ಅಂಬಾಸಿಡರ್, ಜೀಪಿಗೆ ಈಗಲೂ ತೊಂದರೆಯಿಲ್ಲ. ಹೆರಾಲ್ಡಿನವರು ಹುಡುಕುತ್ತಲೇ ಇರುತ್ತಾರೆ. ಪ್ಲಗ್ಗಿಗೆ ಕಿಡಿ ಕೊಡುವ ಡೆಲ್ಕೊ ಕ್ಯಾಪು, ಪಾಯಿಂಟು, ಕಂಡೆನ್ಸರ್, ಬ್ರೇಕಿನ ವೀಲ್ ಸಿಲಿಂಡರ್ ಕಿಟ್ಟು, ಇವು ಸಿಕ್ಕಾಗ ಎರಡೆರಡು ತೆಗೆದಿಡಿ.

ಬಣ್ಣ ಯಾರ ಹತ್ತಿರ ಹೊಡೆಸಿದಿರಿ?

ಮೊದಲ ಸಲ ಹೊಡೆಸಿದವರ ಹೆಸರು ಬೇಡ. ಜುಲೈನಲ್ಲಿ ಬಣ್ಣ ಹೊಡೆದುಕೊಟ್ಟರು. ಒದ್ದೆ ಗಾಳಿಯಲ್ಲಿ ಹೊಡೆದ ಬಣ್ಣ ಮಂಕಾಗಿ, ದೀಪಾವಳಿಯ ಹೊತ್ತಿಗೆ ಗುಳ್ಳೆ ಎದ್ದಿತು. ತಪ್ಪು ನನ್ನದೂ ಹೌದು, ತಂಗಿಯ ಮಗನ ಮದುವೆಗೆ ಬೇಕೆಂದು ಅವಸರ ಮಾಡಿದ್ದೆ. ಟಿಂಕರಿಂಗ್ (ತಗಡಿನ ಕೆಲಸ), ಬಣ್ಣ ಎರಡನ್ನೂ ಕಾಫಿ ಕುಯ್ಲು ಮುಗಿದ ಮೇಲೆ, ಫೆಬ್ರವರಿ ಮಾರ್ಚಿನ ಒಣ ಬಿಸಿಲಿನಲ್ಲಿ ಮಾಡಿಸಿ. ಬರಿ ತಗಡು ಕಂಡ ದಿನವೇ ಪ್ರೈಮರ್ ಬೀಳಬೇಕು. "ನಾಳೆ ಹೊಡೆಯೋಣ" ಎಂದರೆ ಬೆಳಗ್ಗೆ ತಗಡು ಕೆಂಪಗಾಗಿರುತ್ತದೆ.

ಪೆಟ್ರೋಲ್ ತೆಗೆದು ಡೀಸೆಲ್ ಇಂಜಿನ್ ಕೂರಿಸಬಹುದಾ?

ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸದೆ ಮಾಡುವಂತಿಲ್ಲ. ನನ್ನನ್ನು ಕೇಳಿದರೆ, ಬೇಡ.

ಖರ್ಚು ಎಷ್ಟಾಗುತ್ತದೆ?

ಗಾಡಿ ಕೊಂಡ ಬೆಲೆ ಖರ್ಚಿನ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಮೂರು ಗಾಡಿಗಳಲ್ಲೂ ಅರ್ಧಕ್ಕಿಂತ ಹೆಚ್ಚು ದುಡ್ಡು ತಿಂದದ್ದು ಬಾಡಿ ಕೆಲಸ, ಆಮೇಲೆ ಸೀಟು ಮತ್ತು ಕ್ರೋಮ್. ಇಂಜಿನ್ ಅಗ್ಗವಾಗಿ ಮುಗಿಯಿತು. ಪೂರ್ತಿ ಬಿಚ್ಚಿ ಒಂದೇ ಸಲ ಮಾಡಿಸಲು ಹೊರಡಬೇಡಿ. ಬಿಚ್ಚುವುದು ಎರಡು ದಿನದ ಕೆಲಸ. ಆಮೇಲೆ ಕಾಫಿ ಬೆಲೆ ಬಿದ್ದರೆ ಬಿಡಿಭಾಗಗಳ ಡಬ್ಬ ಅಟ್ಟ ಸೇರುತ್ತದೆ, ಯಾವ ಬೋಲ್ಟು ಎಲ್ಲಿಯದು ಎಂಬುದು ಮರೆತುಹೋಗುತ್ತದೆ. ಮೊದಲು ಬ್ರೇಕ್, ಆಮೇಲೆ ಓಡುವ ಹಾಗೆ, ಆಮೇಲೆ ಚೆಂದ.

ಕೊಳ್ಳುವ ಮುಂಚೆ ಒಳ್ಳೆಯ ಸ್ಥಿತಿಯ ಹಳೆ ಕಾರು ನೋಡಬೇಕು, ಎಲ್ಲಿಗೆ ಹೋಗಲಿ?

ಧರ್ಮಸ್ಥಳಕ್ಕೆ ಹೋದಾಗ ಮಂಜೂಷಾ ವಸ್ತುಸಂಗ್ರಹಾಲಯ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ 'ಪಯಣ', ವೀರೇಂದ್ರ ಹೆಗ್ಗಡೆಯವರ ಸಂಗ್ರಹವೇ. ಹೊಳಪು ನೋಡಿ ಬರಬೇಡಿ. ಬಾಗಿಲಿನ ಸಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯಾ, ರಬ್ಬರ್ ಬೀಡಿಂಗ್ ಎಲ್ಲಿ ಕೂತಿದೆ, ಇಂಥದ್ದನ್ನು ಗಮನಿಸಿ. ಕೊಳ್ಳುವ ಗಾಡಿಯ ಮುಂದೆ ನಿಂತಾಗ ಅದು ನೆನಪಿಗೆ ಬರುತ್ತದೆ.

ಮದುವೆಗೆ ನಿಮ್ಮ ಅಂಬಾಸಿಡರ್ ಕೊಡುತ್ತೀರಾ? ಬಾಡಿಗೆ ಎಷ್ಟು?

ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಅಪಘಾತವಾದರೆ ವಿಮೆಯವರು ಕೈಯೆತ್ತುತ್ತಾರೆ. ನೆಂಟರು, ಊರಿನವರು ಕೇಳಿದರೆ ಸುಮ್ಮನೆ ತರುತ್ತೇನೆ, ಓಡಿಸುವುದು ನಾನೇ. ಮೇ ದಾಟಿದ ಮುಹೂರ್ತವಾದರೆ ಒಂದು ಕೊಡೆ ಹೆಚ್ಚಿಗೆ ತನ್ನಿ, ವೈಪರ್ ಒಂದೇ ಕಡೆ ಸರಿಯಾಗಿ ಒರೆಸುತ್ತದೆ. ಹೂವಿನ ಅಲಂಕಾರದವರಿಗೆ ಮೊದಲೇ ಹೇಳಿಡಿ: ಸೆಲ್ಲೋ ಟೇಪು ಅಂಟಿಸಬಾರದು, ಕೀಳುವಾಗ ಬಣ್ಣವೂ ಬರುತ್ತದೆ. ಬಾಳೆನಾರಿನಲ್ಲಿ ಕಟ್ಟಲಿ, ಬಂಪರಿಗೆ.